ಹೆಸರು ಬರುವ ಮೊದಲೇ ಎದ್ದ ಕವಿ

ಒಂದೂರಲ್ಲಿ ಒಬ್ಬ ಶ್ರೀಮಂತ ಕವಿ ಇದ್ದ. ಹೊಲ ಮನೆ ಎಷ್ಟಿತ್ತು ಎಂದು ಕೇಳಬೇಡಿ. ಅವನ ಶ್ರೀಮಂತಿಕೆ ಸನ್ಮಾನದ್ದು. ಕಪಾಟು ತೆಗೆದರೆ ಶಾಲುಗಳು ಮೈಮೇಲೆ ಬೀಳುತ್ತಿದ್ದವು, ಗೋಡೆಯಲ್ಲಿ ಇನ್ನೊಂದು ಫಲಕ ತೂಗುಹಾಕಲು ಜಾಗವಿರಲಿಲ್ಲ. ಮೊದಲಿಗೆ ಅವನೂ ನಮ್ಮ ನಿಮ್ಮಂಥವನೇ, ಕನ್ನಡ ಶಾಲೆಯ ಮಾಸ್ತರ. ಹೆಂಡತಿ ರೊಟ್ಟಿ ಬಡಿಯುವ ಸದ್ದಿಗೆ ನಾಲ್ಕು ಸಾಲು ಕಟ್ಟುತ್ತಿದ್ದ. ಸಂತೆಯಲ್ಲಿ ಯಾರೋ ಆಡಿದ ಮಾತಿಗೆ ಚೀಲ ಕೆಳಗಿಟ್ಟು ಕಿವಿಗೊಡುತ್ತಿದ್ದ. ಹಾಗೆ ಕೇಳಿ ಕೇಳಿಯೇ ಅವನು ಕವಿಯಾದದ್ದು. ಹೆಸರು ಬಂತು, ಕರೆಯುವವರು ಹೆಚ್ಚಾದರು. ಅದರಲ್ಲಿ ತಪ್ಪೇನಿದೆ? ದುಡಿದು ಪಡೆದ ಹೆಸರು. ಆದರೆ ನೋಡಿ, ಹೆಸರು ಬಂದ ಮೇಲೆ ಅವನ ಕಿವಿಗೆ ಒಂದು ಚಟ ಹತ್ತಿತು. ತನ್ನ ಹೊಗಳಿಕೆ ಬಿಟ್ಟು ಬೇರೆ ಏನನ್ನೂ ಅದು ಸರಿಯಾಗಿ ಹಿಡಿಯುತ್ತಿರಲಿಲ್ಲ.

ಒಂದು ಹಳ್ಳಿಯ ಮಹಿಳಾ ಮಂಡಳದವರು ಅವನನ್ನು ಕಾರ್ಯಕ್ರಮದ ಅಧ್ಯಕ್ಷನಾಗಿ ಕರೆದರು. ಆ ಊರಲ್ಲಿ ಒಬ್ಬಳು ಅಜ್ಜಿ ಇದ್ದಳು. ಅಕ್ಷರದ ಗಂಧವಿಲ್ಲ. ಆದರೆ ಬೀಸುವಾಗ, ಕಳೆ ತೆಗೆಯುವಾಗ ಪದ ಕಟ್ಟಿ ಹಾಡುವವಳು. ಊರಿನ ಮದುವೆ, ಸೀಮಂತ, ತೊಟ್ಟಿಲು ಎಲ್ಲವೂ ಅವಳ ಪದದಿಂದಲೇ ಆದವು. ಎಪ್ಪತ್ತು ವರ್ಷವಾದರೂ ಅವಳಿಗೆ ಒಂದು ಹಾರ ಬಿದ್ದಿರಲಿಲ್ಲ. ಈ ಸಲ ಊರವರು ಮನಸ್ಸು ಮಾಡಿ ಅವಳಿಗಾಗಿಯೇ ಒಂದು ಕರಿ ಕಂಬಳಿ ನೇಯಿಸಿದ್ದರು. ಕಂಬಳಿ ಹೊದಿಸಿ ಮರ್ಯಾದೆ ಮಾಡುವುದು ಆ ಸೀಮೆಯ ಹಳೆಯ ಪದ್ಧತಿ.

ಅಧ್ಯಕ್ಷರಿಗೆ ಸಲ್ಲಬೇಕಾದ ಹಾರ, ಶಾಲು ಮೊದಲೇ ಸಂದಿತ್ತು. ಅಲ್ಲಿಗೆ ಅವನ ಪಾಲು ಮುಗಿಯಿತಲ್ಲವೇ? ಮುಗಿಯಬೇಕಿತ್ತು. ಆದರೆ ನಮ್ಮ ನಿರೂಪಕರ ರೀತಿ ನಿಮಗೆ ಗೊತ್ತೇ ಇದೆ. ಹೊಗಳಿಕೆ ಮೊದಲು ಬರುತ್ತದೆ, ಹೆಸರು ಕೊನೆಗೆ. ಮೈಕು ಹಿಡಿದವನು ಶುರು ಮಾಡಿದ. "ಪದಗಳ ಗಣಿ, ಈ ನೆಲದ ನಿಜವಾದ ಕವಿ, ನಮ್ಮೆಲ್ಲರ ಹೆಮ್ಮೆ..." ಅಷ್ಟೇ ಸಾಕಾಯಿತು. ಕವಿ ಎದ್ದ. ಕನ್ನಡಕ ತೆಗೆದು ಜೇಬಿಗಿಟ್ಟ. ಕಂಬಳಿ ಹಿಡಿದು ನಿಂತಿದ್ದ ಊರ ಹಿರಿಯನ ಮುಂದೆ ಬಂದು, ಎಷ್ಟು ಬಾಗಬೇಕೋ ಅಷ್ಟು ಹದವಾಗಿ ಕತ್ತು ಬಾಗಿಸಿದ. ಆಗ ಅಜ್ಜಿಯ ಹೆಸರು ಮೈಕಿನಲ್ಲಿ ಬಂತು.

ನಗುತ್ತಿದ್ದೀರಿ. ನಗಿ, ನಗಬೇಕಾದದ್ದೇ. ಅಲ್ಲಿದ್ದ ಹುಡುಗಿಯರೂ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಹಿರಿಯ ಕಂಬಳಿ ಹಿಡಿದು ಕಲ್ಲಿನಂತೆ ನಿಂತ. ಕವಿಯ ಕತ್ತು ಇನ್ನೂ ಬಾಗಿಯೇ ಇತ್ತು, ಎತ್ತಿದರೆ ಮುಖ ತೋರಿಸಬೇಕಲ್ಲ. ಮೆಟ್ಟಿಲು ಹತ್ತಿ ಬರುತ್ತಿದ್ದ ಅಜ್ಜಿಯೇ ಅವನನ್ನು ಕಾಪಾಡಿದಳು. "ದೊಡ್ಡವರು ಎದ್ದು ನಿಂತಾರ, ಅವರಿಗೇ ಹೊಚ್ಚ್ರೆಪಾ. ಮಂದಿ ಮುಂದ ಅವರನ್ನ ಹಂಗ ನಿಲ್ಲಿಸಬ್ಯಾಡ್ರಿ."

ಒಂದು ಮಾತು ಸಾಕಿತ್ತು. "ತಪ್ಪಾಯಿತು, ಇದು ಈ ತಾಯಿಯದು" ಎಂದಿದ್ದರೆ ಮುಗಿದುಹೋಗುತ್ತಿತ್ತು. ಮಾತಿನಿಂದಲೇ ಬದುಕಿದವನು ಆ ಒಂದು ಮಾತನ್ನು ನುಂಗಿ ಕತ್ತು ಇನ್ನಷ್ಟು ಬಾಗಿಸಿದ. ಕಂಬಳಿ ಹೆಗಲಿಗೆ ಬಿತ್ತು. ಅವನು ಕೈ ಮುಗಿದ. ಚಪ್ಪಾಳೆಯೂ ಬಿತ್ತು.

ಆಮೇಲೆ ಅಜ್ಜಿ ಹಾಡಿದಳು. ಬಹಳ ಹೊತ್ತು ಹಾಡಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಕವಿ ಮೂರು ಮೊಳ ದೂರದಲ್ಲಿ ಕೂತಿದ್ದ. ಕಿವಿ ಕಾದ ಹಂಚಾಗಿತ್ತು. ಯಾರು ನಕ್ಕರು? ಯಾರು ಫೋಟೋ ತೆಗೆದರು? ನಾಳೆ ಪತ್ರಿಕೆಯಲ್ಲಿ ಬಂದರೆ ಏನು ಗತಿ? ಇದೇ ಯೋಚನೆ. ಹಾಡು ಮುಗಿದದ್ದು ಅವನಿಗೆ ಚಪ್ಪಾಳೆಯಿಂದ ತಿಳಿಯಿತು. ಅಧ್ಯಕ್ಷರ ಭಾಷಣದಲ್ಲಿ ಮಾತ್ರ, "ಈ ತಾಯಿಯ ಹಾಡು ಕೇಳಿ ಮೈಮರೆತೆ" ಎಂದ.

ಆ ಕಂಬಳಿ ಅವನನ್ನು ಚುಚ್ಚಿತು. ಮನೆಯಲ್ಲಿ ಎಲ್ಲಿ ಇಟ್ಟರೂ ಕಣ್ಣಿಗೆ ಬೀಳುತ್ತಿತ್ತು. ಮುದುಕಿಯ ಜೀವಮಾನದ ಒಂದೇ ಮರ್ಯಾದೆ, ಅದನ್ನೂ ಬಾಚಿಕೊಂಡು ಬಂದೆನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಕೆಯಾಯಿತು. ನಾಲ್ಕನೆಯ ದಿನ ಕಂಬಳಿ ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಅಜ್ಜಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕವಿ ಕಂಬಳಿಯನ್ನು ಅವಳ ಮುಂದಿಟ್ಟ.

"ಯವ್ವಾ, ತಪ್ಪಾತು. ಇದು ನಿಂದು."

"ಅಯ್ಯ, ಇಷ್ಟಕ್ಕ ಬಂದ್ರಿ? ನಾನೂ ಒಮ್ಮೆ ಬೀಗರ ಮನ್ಯಾಗ ಮತ್ತೊಬ್ಬರಿಗೆ ಹಾಕಿದ ಎಲಿಗೆ ಹೋಗಿ ಕುಂತೀನಿ. ಎಬ್ಬಿಸಿದ್ರು, ಎದ್ದೆ. ಕುಂದರ್ರಿ, ಚಹಾ ಕುಡಿಯೂಣಂತ."

ನೋಡಿ, ಎಷ್ಟು ಸಲೀಸಾಗಿ ಕ್ಷಮಿಸಿಬಿಟ್ಟಳು. ಕವಿಗೆ ಮೈಮೇಲಿನ ಬಂಡೆ ಇಳಿದಂತಾಯಿತು. ಬಂದ ಕೆಲಸ ಆಯಿತು ಎಂದು ಚಹಾ ಕುಡಿದು ಮೇಲೇಳುವುದರಲ್ಲಿದ್ದ. ಅಷ್ಟರಲ್ಲಿ ಅಜ್ಜಿ ಮೊರ ಪಕ್ಕಕ್ಕಿಟ್ಟಳು.

"ಮಾಸ್ತರ್ರ, ಒಂದು ಕೇಳಲೇನ್ರಿ? ಅವತ್ತ ಹಾಡಿದ್ದು ನನ್ನ ತಂಗೀ ಮ್ಯಾಲಿನ ಪದ. ಆಕಿ ಜೋಡಿ ಮಾತು ಬಿಟ್ಟು ಹನ್ನೆರಡು ವರ್ಷಾಗಿತ್ತು. ಮಾತಾಡಬೇಕು ಅನ್ನೂದ್ರಾಗ ಆಕಿ ತೀರಿಹೋದಳು. ಪದ ಕಟ್ಟಿ ಒಳಗ ಇಟ್ಕೊಂಡಿದ್ದೆ, ಯಾರ ಮುಂದೂ ಅಂದಿದ್ದಿಲ್ಲ. ಕವಿಗೋಳು ಬರ್ತಾರಂದ್ರು, ತಿಳದಾವರು ಕೇಳಲಿ ಅಂತ ಹಾಡಿದೆ. ಅದರಾಗ ಒಂದು ನುಡಿ ಸರಿ ಕುಂತಿಲ್ಲ ಅಂತ ನನ್ನ ಮನಸು ಹೇಳತೈತಿ. ಯಾವ ನುಡಿ ಅನ್ನಿಸ್ತು ನಿಮಗ?"

ಕಂಬಳಿಯಾದರೆ ಚೀಲದಲ್ಲಿ ತರಬಹುದು. ಕೇಳದ ಹಾಡನ್ನು ಎಲ್ಲಿಂದ ತರುವುದು?

"ಎಲ್ಲ ನುಡಿನೂ ಚಲೋ ಇದ್ದುವು ಯವ್ವಾ" ಎಂದ.

ಅಜ್ಜಿ ಅವನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಅವನ ಪರವಾಗಿ ತಾನೇ ನಾಚಿಕೊಂಡವಳಂತೆ ಮೊರ ತೊಡೆಯ ಮೇಲೆಳೆದುಕೊಂಡಳು. "ಎಲ್ಲಾ ಚಲೋ ಇದ್ದುವು ಅಂದ್ರ ನೀವು ಕೇಳಿಲ್ಲ ಬಿಡ್ರಿ."

"ಇನ್ನೊಮ್ಮೆ ಹಾಡು ಯವ್ವಾ. ಈಗ ಕೇಳತೀನಿ."

"ಇಲ್ರಿ ಮಾಸ್ತರ್ರ. ಅವತ್ತ ಎದಿ ಗಟ್ಟಿ ಮಾಡ್ಕೊಂಡು ಹಾಡಿದ್ದೆ. ದಿನಾ ಆಗಂಗಿಲ್ಲ ಅದು."

ಕತೆ ಇಷ್ಟೇ. ಕತ್ತು ಬಾಗಿಸಿದಾಗ ನಕ್ಕಿರಲ್ಲ, ಈಗ ನಗಿ ನೋಡೋಣ. ಬೇರೆಯವರ ಕಂಬಳಿ ಹೊದ್ದದ್ದು ಅವನ ಸಣ್ಣ ತಪ್ಪು, ಅಜ್ಜಿ ಅದಕ್ಕೆ ಚಹಾ ಕೊಟ್ಟಳು. ಎದುರಿಗೆ ಕೂತು ಕೇಳದೆ ಇದ್ದದ್ದು, ಕೇಳದೆಯೇ ಮೆಚ್ಚಿದ್ದು, ಅದಕ್ಕೆ ಅವಳ ಹತ್ತಿರವೂ ಪರಿಹಾರವಿರಲಿಲ್ಲ. ಆ ತಪ್ಪು ಮಾಡಲು ಕವಿಯೇ ಆಗಬೇಕಿಲ್ಲ. ಪ್ರವಚನ ಮುಗಿದ ಮೇಲೆ ನೀವು ನಮ್ಮಂಥ ಸ್ವಾಮಿಗಳ ಹತ್ತಿರ ಬಂದು, "ಭಾಳ ಚಲೋ ಆತ್ರಿ ಅಜ್ಜಾರ" ಎನ್ನುತ್ತೀರಿ. ನಾವು ಹಿಗ್ಗುತ್ತೇವೆ. ಯಾವ ಮಾತು ಚಲೋ ಆಯಿತು ಎಂದು ಕೇಳುವ ಧೈರ್ಯ ಇಷ್ಟು ವರ್ಷದಲ್ಲಿ ನಮಗೂ ಬಂದಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಇದು ನಿಜ.

ಮನೆಯಲ್ಲಿ ಮಗಳು ಚಿತ್ರ ಬರೆದು ತರುತ್ತಾಳೆ. ಮೊಬೈಲು ನೋಡುತ್ತಲೇ "ಚಂದ ಐತಿ" ಎನ್ನುತ್ತೀರಿ. ಹೆಂಡತಿ ತವರಿನ ಮಾತು ತೆಗೆಯುತ್ತಾಳೆ, "ಹೂಂ" ಎನ್ನುತ್ತೀರಿ. ಆ "ಹೂಂ" ನಿಲ್ಲಿಸಿ. ಹೊಗಳುವುದಾದರೆ ಯಾವುದು ಚೆನ್ನಾಗಿದೆ ಎಂದು ಬೆರಳಿಟ್ಟು ತೋರಿಸಿ. ತೋರಿಸಲು ಬಾರದಿದ್ದರೆ ಹೊಗಳಬೇಡಿ, "ನಾನು ಕೇಳಲಿಲ್ಲ, ಇನ್ನೊಮ್ಮೆ ಹೇಳು" ಎನ್ನಿ. ನಾಚಿಕೆಯಾಗುತ್ತದೆ, ಆಗಲಿ. ಅಲ್ಲಿಯೇ, ಆಗಲೇ ಎನ್ನಿ. ನಾಲ್ಕು ದಿನ ಬಿಟ್ಟು ಬಸ್ಸು ಹತ್ತಬೇಡಿ. ಆ ಕವಿ ಈ ಮಾತನ್ನು ವೇದಿಕೆಯ ಮೇಲೆಯೇ ಅಂದಿದ್ದರೆ ಅಜ್ಜಿ ಇನ್ನೊಮ್ಮೆ ಹಾಡುತ್ತಿದ್ದಳು. ಅವಳ ಎದೆ ಅವತ್ತು ಗಟ್ಟಿಯಿತ್ತು.