ಪ್ರಣೀತಾ ಓದುತ್ತಿರುವುದು ಮೆಡಿಕಲ್ ಅಲ್ಲ

ಮಾನ್ಯ ಅಧ್ಯಕ್ಷರೇ, ಊರಿನಿಂದ ಈ ಅರಬ್ ನಾಡಿಗೆ ಬಂದಿರುವ ಮುಖ್ಯ ಅತಿಥಿಗಳೇ, ಎ.ಸಿ.ಯ ಕೆಳಗೆ ಜಾಗ ಸಿಕ್ಕ ಮತ್ತು ಸಿಗದ ಸಮಸ್ತ ಸಭಿಕರೇ,

ಸನ್ಮಾನ ಪಡೆಯುವ ಮಕ್ಕಳ ಬಗ್ಗೆ ಹೆತ್ತವರು ಎರಡು ಮಾತಾಡಬೇಕೆಂದು ನಮ್ಮ ಸಂಘದ ಕಾರ್ಯದರ್ಶಿ ವಿಕ್ಟೋರಿಯಾ ಅವರು ಅಪ್ಪಣೆ ಮಾಡಿದ್ದಾರೆ. ಮೈಕು ಸಿಕ್ಕಿದ ಈ ಕೊರಗಪ್ಪ ಎರಡು ಮಾತಿಗೆ ನಿಲ್ಲುತ್ತಾನೆಯೇ? ಹೇಗೂ ಊಟದ ಗಾಡಿ ಇನ್ನೂ ರುಸೈಲ್ ದಾಟಿಲ್ಲವಂತೆ.

ನನ್ನ ಮಗಳು ಪ್ರಣೀತಾ ಅಮೆರಿಕದ ಕಾಲೇಜಿನಲ್ಲಿ ಮೊದಲ ವರ್ಷವನ್ನು ತರಗತಿಗೇ ಮೊದಲಿಗಳಾಗಿ ಮುಗಿಸಿ ರಜೆಗೆ ಬಂದಿದ್ದಾಳೆ. ಆಮಂತ್ರಣ ಪತ್ರದಲ್ಲಿ ಅವಳ ಹೆಸರಿನ ಮುಂದೆ 'ಮೆಡಿಕಲ್' ಎಂದು ಅಚ್ಚಾಗಿದೆ. ಅದು ತಪ್ಪು. ಅಚ್ಚು ಹಾಕಿದವರ ತಪ್ಪಲ್ಲ, ವಿಕ್ಟೋರಿಯಾ ಅವರದ್ದೂ ಅಲ್ಲ. ಬರೆದು ಕೊಟ್ಟವನು ನಾನು. ವರ್ಷದಿಂದ ಎಲ್ಲರಿಗೂ 'ಮೆಡಿಕಲ್ ಲೈನ್' ಎಂದೇ ಹೇಳಿಕೊಂಡು ಬಂದೆ. ಅಲ್ ಹೈಲ್‌ನ ನಮ್ಮ ಪಕ್ಕದ ಮನೆಯವರು ಮಂಡಿಯ ಎಕ್ಸ್‌ರೇ ಹಿಡಿದುಕೊಂಡು ಬಂದದ್ದೂ ಆಯಿತು.

ಈಗ ನೋಡಿ, ವೇದಿಕೆಯ ಮೇಲೆ ಒಂದು ಕುರ್ಚಿ ಖಾಲಿ. ಅವಳು ಕೊನೆಯ ಸಾಲಿನಲ್ಲಿ ತಾಯಿ ಹರಿಣಾಕ್ಷಿಯ ಪಕ್ಕ ಕೈಕಟ್ಟಿ ಕೂತಿದ್ದಾಳೆ. ಕಾರಿನಲ್ಲೇ ಹೇಳಿದ್ದಳು: "ಪಪ್ಪ, ಯಾವ ಕೋರ್ಸ್ ಅಂತ ಸರಿಯಾಗಿ ಹೇಳಿ. ಇಲ್ಲದಿದ್ದರೆ ನಾನು ಸ್ಟೇಜಿಗೆ ಬರುವುದಿಲ್ಲ. ಫೈನಲ್."

"ಜನ ಎಂತ ಹೇಳ್ತಾರೆ ಮಗಾ?" ಎಂದೆ.

"ಆ ಜನ ಸತ್ತರೆ ಫೋನ್ ಬರುವುದು ನಿಮಗೇ ಅಲ್ವಾ?"

ಹರಿಣಾಕ್ಷಿ ಗಟ್ಟಿಯಾಗಿ ನಕ್ಕಳು. ಅವಳು ಯಾವ ಪಕ್ಷವೆಂದು ಬೇರೆ ಹೇಳಬೇಕೇ?

ಮಗಳ ಮಾತು ನಿಜ. ಇಲ್ಲಿ ತೀರಿಕೊಂಡ ನಮ್ಮವರನ್ನು ಊರಿಗೆ ಕಳುಹಿಸುವ ಕಾಗದಪತ್ರವನ್ನು ನಾನು, ಗೆಳೆಯ ಸಲಾಂ ಹದಿನೆಂಟು ವರ್ಷಗಳಿಂದ ಮಾಡಿಸುತ್ತಿದ್ದೇವೆ. ಒಂದು ಸೀಲು ತಪ್ಪಿಲ್ಲ.

ಎರಡು ವರ್ಷದ ಹಿಂದೆ ದುಕ್ಮ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನೊಬ್ಬ ತೀರಿಕೊಂಡ. ಶವಾಗಾರದವನು "ಗಡ್ಡ, ಮೀಸೆ ಹೇಗಿರಬೇಕು?" ಎಂದು ಕೇಳಿದ. ನಾನು ಕಾಗದದ ಮನುಷ್ಯ. ಪಾಸ್‌ಪೋರ್ಟಿನ ಪ್ರತಿ ತೋರಿಸಿ "ಹೀಗೆ" ಎಂದೆ. ಅದು ಒಂಬತ್ತು ವರ್ಷ ಹಳೆಯ ಫೋಟೊ, ಮೀಸೆ ಇಲ್ಲದ್ದು. ಅವನು ಇದ್ದ ದಪ್ಪ ಮೀಸೆಯನ್ನು ಹಾಗೆಯೇ ಬೋಳಿಸಿದ. ಊರಿನಲ್ಲಿ ಪೆಟ್ಟಿಗೆ ತೆರೆದ ಮೇಲೆ ಆ ತಾಯಿಯ ಫೋನ್ ಬಂತು: "ಅಣ್ಣಾ, ಇದು ಯಾರ ಮಗ? ನನ್ನ ಮಗ ಯಾವಾಗ ಬರ್ತಾನೆ?"

ಕಿವಿಯ ಹಿಂದಿನ ಮಚ್ಚೆ ನೋಡಿದ ಮೇಲೆಯೇ ಅವರು ಅತ್ತದ್ದು.

"ವಾಟ್ಸ್ಯಾಪಿನಲ್ಲಿ ಅವನ ಫೋಟೊ ಇತ್ತಲ್ಲ ಮಾರಾಯಾ!" ಎಂದು ಸಲಾಂ ತಲೆ ಚಚ್ಚಿಕೊಂಡ. ಆಗ ಹನ್ನೆರಡನೆಯ ತರಗತಿಯಲ್ಲಿದ್ದ ಪ್ರಣೀತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಸತ್ತವರು ಅವರ ಹಾಗೆಯೇ ಕಾಣುವಂತೆ ನೋಡಿಕೊಳ್ಳುವುದು ಯಾರ ಕೆಲಸ ಪಪ್ಪ?" ಎಂದು ಕೇಳಿದಳು. ಆ ಕೆಲಸ ಕಲಿಸುವ ಕಾಲೇಜನ್ನು ಅವಳೇ ಹುಡುಕಿಕೊಂಡಳು.

ಶರೀರಶಾಸ್ತ್ರ, ರಸಾಯನಶಾಸ್ತ್ರ, ಕಾನೂನು, ದುಃಖದಲ್ಲಿರುವವರೊಡನೆ ಮಾತಾಡುವ ಬಗೆ: ಇವು ಅವಳ ಪಾಠಗಳು. ಕೊನೆಯದರಲ್ಲಿ ನಾನು ಈಗಲೂ ಫೇಲ್.

ಇಂಥ ಮಗಳ ಓದನ್ನು ನಾನೇಕೆ ಬಚ್ಚಿಟ್ಟೆ? ಸಂಬಂಧ ಕೇಳುವವರು ಹಿಂದೆ ಸರಿದಾರೆಂದೇ? ಹೌದು, ಅದಕ್ಕೇ. ಸರಿಯುವವರು ಈಗಲೇ ಸರಿಯಲಿ.

ವಿಡಿಯೊ ಮಾಡುವವರು ಮಾಡಿಕೊಳ್ಳಿ. ನನ್ನ ಮಗಳು ಓದುತ್ತಿರುವುದು ಮಾರ್ಚುರಿ ಸೈನ್ಸ್. ಸತ್ತವರನ್ನು ಮನೆಯವರ ಕಣ್ಣಿಗೆ ಕೊನೆಯ ಸಲ ಸಿದ್ಧಪಡಿಸಿಕೊಡುವ ವಿದ್ಯೆ.

ಎದ್ದಳು. ಬರುತ್ತಿದ್ದಾಳೆ. ನಾನು ಇನ್ನು ಇಳಿಯುತ್ತೇನೆ. ಹತ್ತು ನಿಮಿಷ ಸಹಿಸಿಕೊಂಡ ನಿಮಗೂ, ಒಂದು ವರ್ಷ ಸಹಿಸಿಕೊಂಡ ಅವಳಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.