ಗುಮಾಸ್ತನಿಗೆ ಕೊಟ್ಟ ಉಸಿರು

...ಅಲ್ಲ ಕಣೋ, ನನ್ನನ್ನ? ತಿಮಿಂಗಿಲದ ಬಾಯೊಳಗೆ ಈಜಿಕೊಂಡು ಹೋಗಿ, ಅದರ ನಾಲಿಗೆ ಮೇಲೆ ಒಂದು ಸುತ್ತು ಹೊಡೆದು ಬಂದವನನ್ನ ದೋಣಿಯಲ್ಲಿ ಕೂರಿಸಿಬಿಟ್ಟೆಯಲ್ಲ! ಸರಿ, ಸುಳ್ಳು. ಹೋಗಿಲ್ಲ. ತಿಮಿಂಗಿಲವನ್ನ ಕಂಡೇ ಇಲ್ಲ. ಒಂದು ಸಲ ದೂರದಲ್ಲಿ ಬೆನ್ನು ಕಾಣಿಸ್ತು, ಹತ್ತಿರ ಹೋದರೆ ಮಗುಚಿಕೊಂಡ ದೋಣಿ. ಆದರೆ ಮಿಕ್ಕಿದ್ದು ನಿಜ ತಾನೇ? ನೀರಿಗೆ ಹೆದರ್ತಿದ್ದ ನಿನ್ನನ್ನ, ಹೆಂಡತಿ ತಮ್ಮ ಅಂತ ಕರ್ಕೊಂಡು ಬಂದು, ಮೂಗು ಹಿಡಿದು ಮುಳುಗಿಸಿ, ಡೈವಿಂಗ್ ಗೈಡ್ ಮಾಡಿದ್ದು ಯಾರು?

ಕೂತ್ಕೋ. ಎಲ್ಲಿಗೆ ಹೊರಟೆ? ಟೀ ಹಾಗೇ ಇದೆ.

ಬೆಳಿಗ್ಗೆ ಏನು ಮಾಡಿದೆ, ನಿನ್ನ ಬಾಯಿಂದಲೇ ಹೇಳು. ಹೇಳಲ್ವಾ? ನಾನೇ ಹೇಳ್ತೀನಿ, ಅಂಗಡಿಯವರೂ ಕೇಳಲಿ. ಸ್ವಾಮೀ, ನಾವಿಬ್ಬರೂ ಜೋಡಿ. ಸಮುದ್ರಕ್ಕೆ ಹಾರೋ ಮುಂಚೆ ಇವನ ಸಿಲಿಂಡರು, ಪಟ್ಟಿ, ಗಾಳಿ ಕೊಳವೆ ನಾನು ಎಳೆದು ನೋಡಬೇಕು, ನನ್ನದನ್ನ ಇವನು. ಎಲ್ಲಾ ನೆಟ್ಟಗಿದ್ದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಸೊನ್ನೆ. ಆ ಸೊನ್ನೆ ಬರದೆ ಯಾರೂ ಹಾರೋ ಹಾಗಿಲ್ಲ, ದೋಣಿ ಯಜಮಾನರಾದರೂ ಅಷ್ಟೇ. ನಾನು ಹಲಗೆ ಮೇಲೆ ನಿಂತಿದ್ದೀನಿ, ಕನ್ನಡಕ ಏರಿಸಿ, ಮದುಮಗನ ಹಾಗೆ. ಈ ಮಹಾಶಯ ಪಟ್ಟಿ ನೋಡಿದ, ಕೊಳವೆ ನೋಡಿದ, ಕೊನೆಗೆ ನನ್ನ ಮುಖ ನೋಡಿದ. ನೋಡಿ ಎರಡೂ ಕೈನ ಕಂಕುಳಲ್ಲಿ ಇಟ್ಕೊಂಡುಬಿಟ್ಟ! ಗಿರಾಕಿಗಳ ಎದುರಿಗೆ! ಒಬ್ಬಳು ಪುಣ್ಯಾತ್ಗಿತ್ತಿ, "ಅಣ್ಣಾ, ನೀವು ಹೇಗೂ ಇಲ್ಲೇ ಇರ್ತೀರಲ್ಲ" ಅಂತ ನನ್ನ ತೊಡೆ ಮೇಲೆ ಚೀಲ ಇಟ್ಟಳು. ಇವರೆಲ್ಲ ಕೆಳಗೆ ಆಮೆ ನೋಡ್ತಿದ್ದಾಗ ನಾನು ಮೇಲೆ ಚಪ್ಪಲಿ ಕಾಯ್ತಿದ್ದೆ.

ಏನು ತಲೆ ಅಲ್ಲಾಡಿಸ್ತೀಯಾ? ಬೆನ್ನಿಗೆ ಚೂರಿ ಹಾಕೋರು ಕತ್ತಲಲ್ಲಾದರೂ ಬರ್ತಾರೆ ಕಣೋ. ನೀನು ಬಿಸಿಲಲ್ಲಿ, ನಗುಮುಖದಿಂದ... ಸರಿ, ನಗ್ತಿರಲಿಲ್ಲ. ಅದೇ ನನಗೆ ಇನ್ನೂ ಉರಿ.

ಯಾವುದಕ್ಕೆ ಇಷ್ಟೆಲ್ಲ? ನಿನ್ನೆಯ ಒಂದು ತಮಾಷೆಗೆ! ನಾನು ನೀರೊಳಗೆ ತಮಾಷೆ ಮಾಡೋದು ಹೊಸದಾ? ನೀರಲ್ಲಿ ಬರೆಯೋ ಸ್ಲೇಟಿನ ಮೇಲೆ "ಹಿಂದೆ ತಿರುಗಬೇಡಿ" ಅಂತ ಬರೆದು ಆ ನಿವೃತ್ತ ನ್ಯಾಯಾಧೀಶರಿಗೆ ತೋರಿಸಿದ್ದೆನಲ್ಲ? ಮನುಷ್ಯ ಕಲ್ಲಾಗಿಬಿಟ್ಟರು. ಹಿಂದೆ ಇದ್ದದ್ದು ಬೆರಳುದ್ದದ ಪಟ್ಟೆ ಮೀನು. ಆಗ ನೀನೂ ನಕ್ಕಿದ್ದೆ, ಬಾಯಿಗೆ ಉಪ್ಪುನೀರು ಹೋಗೋವಷ್ಟು.

ನಿನ್ನೆಯದೂ ಅಂಥದ್ದೇ. ನಮ್ಮ ಗುಮಾಸ್ತ... ಇವರಿಗೆ ಗೊತ್ತಿಲ್ಲ. ಅದೊಂದು ದೊಡ್ಡ ಮೀನು ಸ್ವಾಮೀ, ದಪ್ಪ ತುಟಿ, ಮೈಯೆಲ್ಲ ಕಂದು ಚುಕ್ಕೆ. ಹವಳದ ಬಂಡೆಯ ಕಿಂಡಿಯಲ್ಲಿ ಕೂತು, "ಸಾಹೇಬರಿಲ್ಲ, ನಾಳೆ ಬಾ" ಅನ್ನೋ ಹಾಗೆ ನೋಡತ್ತೆ. ಸಣ್ಣ ಸೀಗಡಿಯೊಂದು ಬಾಯೊಳಗೇ ಹೋಗಿ ಹಲ್ಲು ತೊಳೆದು ಬಂದರೂ ಮುಖದ ಗಂಟು ಬಿಚ್ಚಲ್ಲ. ನಿನ್ನೆ ಬಾಯಿ ತೆರೀತಿತ್ತು, ಮುಚ್ಚುತ್ತಿತ್ತು. ನಾನು ನನ್ನ ಬಾಯಲ್ಲಿದ್ದ ಗಾಳಿ ಕೊಳವೆ ಕಿತ್ತು, "ತಗೊಳ್ಳಿ ಗುಮಾಸ್ತರೇ" ಅಂತ ಅದರ ತುಟಿಗೆ ಹಿಡಿದೆ! ಗುಳುಗುಳು ಗುಳ್ಳೆ! ಗಿರಾಕಿಗಳು ದೋಣಿ ಹತ್ತಿದ ಮೇಲೂ ಹೊಟ್ಟೆ ಹಿಡ್ಕೊಂಡು ನಕ್ಕರು. ನೋಡು, ಟೀ ಸೋಸ್ತಿರೋರೂ ನಗ್ತಿದ್ದಾರೆ.

ನೀನು ಯಾಕೆ ನಗ್ತಿಲ್ಲ?

ಯಜಮಾನರಿಗೆ ಒಂದು ಮಾತು ಹೇಳು, ಅಷ್ಟೇ ನಾನು ಕೇಳೋದು. "ಭಾವ ಹುಡುಗಾಟ ಮಾಡಿದ್ದು, ಇನ್ನು ಮಾಡಲ್ಲ." ನಾಳೆ ಇಳೀತೀನಿ. ಈ ವಯಸ್ಸಲ್ಲಿ ನನಗೆ ಬೇರೆ ಏನು ಬರತ್ತೆ? ದಡದ ಮೇಲೆ ನಾನು ಬರೀ ಬಾಯಿಬಡುಕ. ಕೆಳಗಾದರೆ ಆಕ್ಟೋಪಸ್ಸೂ ಬಣ್ಣ ಬದಲಾಯಿಸಿ ಮರ್ಯಾದೆ ಕೊಡತ್ತೆ... ಇಲ್ಲ, ಅದು ಎಲ್ಲರಿಗೂ ಕೊಡತ್ತೆ. ಇರಲಿ.

ಏನು? ಕೊಳವೆ ನೀನು ವಾಪಸ್ ತುರುಕಬೇಕಾಯ್ತು ಅಂತಲಾ? ಹೂಂ, ತುರುಕಿದೆ, ಕತ್ತಿನ ಪಟ್ಟಿ ಹಿಡಿದು ಮೇಲೆ ಎಳೆದೆ, ತಮಾಷೆ ಕೆಡಿಸಿದೆ. ನಾನೇ ಹಾಕ್ಕೊಳ್ತಿದ್ದೆ. ಇನ್ನೊಂದು ಕ್ಷಣ ನಾಟಕ ಬೆಳೆಸೋಣ ಅಂತಿದ್ದೆ, ಅಷ್ಟೇ.

ಹಾಗೆ ನೋಡಬೇಡ.

ಆಯ್ತಪ್ಪಾ, ಸ್ವಲ್ಪ ತಲೆ ಮಂಕಾಗಿತ್ತು. ತೀರಾ ಆಳಕ್ಕೆ ಹೋದರೆ ಸಿಲಿಂಡರಿನ ಗಾಳಿಯಿಂದಲೇ ಅಮಲು ಏರತ್ತೆ, ಎಲ್ಲರಿಗೂ ಏರತ್ತೆ, ನಿನಗೂ ಒಂದು ಸಲ ಏರಿತ್ತು. ಅದಕ್ಕೆ ಯಾರನ್ನಾದರೂ ಮನೆಗೆ ಕಳಿಸ್ತಾರಾ?

...ಗೊತ್ತು. ಅಲ್ಲಿ ಆಳ ಇರಲಿಲ್ಲ. ಮರಳಿನ ಮೇಲೆ ಬಿಸಿಲು ಬಲೆ ಹಾಸಿತ್ತು. ನಿಂತು ಕೈ ಎತ್ತಿದರೆ ದೋಣಿಯ ತಳ ಸಿಗಬಹುದೇನೋ ಅನ್ನೋವಷ್ಟು. ಅಷ್ಟರಲ್ಲಿ ಯಾರಿಗೂ ಏರಲ್ಲ.

ಏನಾದರೂ ಅನ್ನೋ! ಬೈಯಿ! ಅಂಗಡಿಗೆ ಬಂದಾಗಿನಿಂದ ಮುಖ ಬಿಗಿದು ಕೂತಿದ್ದೀಯಾ, ನಿಮ್ಮಕ್ಕ ಕೋಪ ಬಂದಾಗ ಕೂರೋ ಹಾಗೆ. ಅವಳಿಗೆ ಹೇಳಿಲ್ಲ ತಾನೇ? ಹೇಳಿಲ್ಲ. ನನ್ನ ಬಾಯಿಂದಲೇ ಬರಲಿ ಅಂತ ಕಾಯ್ತಿದ್ದೀಯಾ. ನಾನು ಕಲಿಸಿದ ಬುದ್ಧಿ ನನಗೇ ತಿರುಗಿಸ್ತೀಯಾ... ಜೋಡಿಯ ಮುಖ ನೋಡು, ಆಮೇಲೆ ಪಟ್ಟಿ ನೋಡು ಅಂತ ಬಡ್ಕೊಂಡವನೇ ನಾನು.

ಕೇಳು. ಮೆತ್ತಗೆ ಹೇಳ್ತೀನಿ, ಅವರು ಕೇಳೋದು ಬೇಡ.

ಅದು ಮೀನು ಅಂತ ನನಗೆ ಅನ್ನಿಸಲೇ ಇಲ್ಲ. ನೀನು ಅನ್ನಿಸ್ತು. ಬಂಡೆ ಕಿಂಡಿಯಲ್ಲಿ ನೀನು ಸಿಕ್ಕಿಹಾಕ್ಕೊಂಡಿದ್ದೀಯಾ, ಬಾಯಿ ಬಡೀತಿದ್ದೀಯಾ, ಗಾಳಿ ಮುಗಿದಿದೆ... ಮನೆಗೆ ಹೋಗಿ ನಿಮ್ಮಕ್ಕನಿಗೆ ಏನು ಹೇಳಲಿ ಅಂತ ಜೀವ ಬಾಯಿಗೆ ಬಂತು. ಇದ್ದ ಉಸಿರು ಕಿತ್ತು ಕೊಟ್ಟೆ. ನಿನಗೆ ಕೊಟ್ಟಿದ್ದು ಕಣೋ. ನಿನಗೆ! ಅಂಥ ನನಗೆ, ನೀನು, ಎರಡು ಬೆರಳು ಸೇರಿಸಲಿಲ್ಲ.

ಅಳ್ತಿದ್ದೀಯಾ? ಥೂ. ಒರೆಸ್ಕೋ, ಅಂಗಡಿಯವರು ನೋಡ್ತಾರೆ.

ಏಳು. ಬೆಳಿಗ್ಗೆಯಿಂದ ಕರೀತಿದ್ದೀಯಲ್ಲ, ಆಸ್ಪತ್ರೆಗೇ ತಾನೇ, ಹೋಗೋಣ. ಟೀಗೆ ನೀನೇ ಕೊಟ್ಟುಬಿಡು. ಜಿಪುಣತನ ಅಲ್ಲಪ್ಪಾ, ಜೇಬಲ್ಲಿ ಚಿಲ್ಲರೆ ಇದೆ. ಆಗಿನಿಂದ ಕೈ ಒಳಗೇ ಆಡಿಸ್ತಿದ್ದೀನಿ... ಯಾವುದು ನಾಣ್ಯ, ಯಾವುದು ಮನೆ ಬೀಗದ ಕೈ, ಈ ಬೆರಳುಗಳಿಗೆ ಗೊತ್ತಾಗ್ತಿಲ್ಲ.