ಮುಕ್ಕಾಲು ಗಂಟೆಯ ದಾರಿ

ಕ್ಯಾಸ್ಟ್ರೀಸ್ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ನಾನು ಸೊಸೆಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಕಪ್ಪು ಉಡುಪಿನ ಹೆಂಗಸೊಬ್ಬಳಿದ್ದಳು. ಪಕ್ಕದ ದ್ವೀಪದ ಬ್ರಿಜ್‌ಟೌನಿನಿಂದ ಬಂದ ಸಂಜೆಯ ವಿಮಾನದಿಂದ ಅವಳ ತಮ್ಮ ಇಳಿದು ಬಂದ.

“ಯುಡಾಕ್ಸಿ ಅಕ್ಕಾ, ಅಮ್ಮನ ಮಣ್ಣು ಮುಗೀತಾ?”

“ಮತ್ತೇನು, ನೀನು ಬರೋವರೆಗೂ ಅವಳನ್ನ ಕೂರಿಸಿಕೊಂಡಿರ್ಬೇಕಿತ್ತಾ?”

“ಸಮುದ್ರ ದಾಟಿ ಬರೋದು ಅಂದ್ರೆ ಸುಮ್ನೇನಾ?”

“ಮುಕ್ಕಾಲು ಗಂಟೆ ಮಾರಿಯಸ್! ಸೀಟಿನ ಬೆಲ್ಟ್ ಹಾಕಿ ಬಿಚ್ಚೋಷ್ಟ್ರಲ್ಲಿ ಊರು ಬರುತ್ತೆ. ದೊಡ್ಡಣ್ಣ ಲಂಡನ್ನಿಂದ ನಿನ್ನೆನೇ ಬಂದ.”

“ಅವನಿಗೇನು, ದುಡ್ಡಿದೆ.”

“ನಿನಗೆ ನಾಚಿಕೆ ಇಲ್ಲ.”

“ಸ್ವಲ್ಪ ಕಾಯ್ಬಹುದಿತ್ತಲ್ಲ?”

“ಕಾದ್ವಿ ಕಣೋ. ಸ್ಮಶಾನ ಇರೋದೇ ರನ್‌ವೇ ಪಕ್ಕದಲ್ಲಿ. ಒಂದೊಂದು ವಿಮಾನ ಇಳಿದಾಗ್ಲೂ ಹಾಡು ನಿಲ್ಲಿಸಿ, ಪಾದ್ರಿನೂ ಸೇರಿ ಎಲ್ಲರೂ ಗೇಟಿನ ಕಡೆ ನೋಡಿದ್ವಿ. ಮೂರನೇದ್ರಲ್ಲೂ ನೀನಿಲ್ಲ ಅಂದ್ಮೇಲೆ ಮಣ್ಣು ಹಾಕಿದ್ವಿ.”

ಅವನು ಚೀಲವನ್ನು ಹೆಗಲಿಗೇರಿಸಿದ. “ಆಯ್ತು ಬಿಡು. ಕಾರೆಲ್ಲಿ? ಮನೆಗೆ ಹೋಗೋಣ.”

“ಕಾರು ಮಣ್ಣಿಗೆ ಬಂದವರಿಗೆ. ನೀನು ಈ ಬೇಲಿ ಹಿಡ್ಕೊಂಡು ನಡಿ, ಹೊಸ ಮಣ್ಣು ಕಾಣುತ್ತೆ. ಅದಕ್ಕೆ ಸಮುದ್ರ ಏನೂ ಅಡ್ಡ ಇಲ್ಲ.”

ಅವಳು ತಿರುಗಿಯೂ ನೋಡದೆ ಕಾರು ಹತ್ತಿದಳು. ಅವನು ಬೇಲಿಯ ಕಡೆ ಒಮ್ಮೆ ನೋಡಿ, ಟ್ಯಾಕ್ಸಿಗೆ ಕೈ ಎತ್ತಿದ.